ಫ್ಯಾನು ನಿಂತ ಕೋಣೆ

ಗಂಟಲಿನ ಆಪರೇಷನ್ ಆಗುವ ಮುಂಚೆ ಟೈಲರಮ್ಮನ ಮನೆಗೆ ಕರೆಗಂಟೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪ್ಯಾಂಟಿನ ಕಾಲು ಮಡಿಸಲು ಕೊಟ್ಟುಹೋದವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ, "ಇನ್ನೂ ಆಗಿಲ್ಲ, ನಾಳೆ ಬನ್ನಿ" ಎನ್ನುತ್ತಿದ್ದರು. ಬಂದವರು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಯಾರ ಬಟ್ಟೆ ಆಗಿದೆ, ಯಾರದು ಆಗಿಲ್ಲ ಎಂಬುದು ಎದುರು ಮನೆಯವರಿಗೆ ತಮ್ಮ ಅಡುಗೆಮನೆಯಲ್ಲಿ ನಿಂತೇ ಗೊತ್ತಾಗುತ್ತಿತ್ತು.

ಕುತ್ತಿಗೆಯಲ್ಲಿ ಬೆಳೆದಿದ್ದ ಥೈರಾಯ್ಡ್ ಗಂಟನ್ನು ಡಾಕ್ಟರು ತೆಗೆದರು. ಅದರಿಂದ ಅಪಾಯವೇನೂ ಇರಲಿಲ್ಲವೆಂದು ಆಮೇಲೆ ತಿಳಿದು ಮನೆಯವರೆಲ್ಲ ಉಸಿರು ಬಿಟ್ಟರು. ಆದರೆ ದನಿಯನ್ನು ಆಡಿಸುವ ನರ ಸೋತುಹೋಗಿತ್ತು. ಹೀಗಾಗುವ ಸಂಭವ ಉಂಟೆಂದು ಡಾಕ್ಟರು ಮೊದಲೇ ಹೇಳಿದ್ದರು. ಕೆಲವು ತಿಂಗಳಲ್ಲಿ ಒಂದಿಷ್ಟಾದರೂ ಮರಳಿ ಬರುತ್ತದೆ ಎಂದೂ ಹೇಳಿದ್ದರು. ಅಲ್ಲಿಯವರೆಗೆ ಟೈಲರಮ್ಮನಿಗೆ ಉಳಿದದ್ದು ಲೈನಿಂಗ್ ಬಟ್ಟೆಯ ಮೇಲೆ ಕೈ ಸವರಿದಷ್ಟು ಸದ್ದು. ಬರೆದು ತೋರಿಸಿ ಎಂದು ಯಾರಾದರೂ ಕಾಗದ ಚಾಚಿದರೆ ಮುಖ ತಿರುಗಿಸುತ್ತಿದ್ದರು. ಬಾಯಿ ಇರುವವಳು ಚೀಟಿ ಯಾಕೆ ಬರೆಯಲಿ ಎಂಬುದು ಅವರ ಹಟ.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೆಳಕು ಬೀಳುವ ಕಿಟಕಿಯ ಬಳಿ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದದ ಮೇಜು, ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ. ಆಚೆ ಮೂಲೆ ಅಳಿಯನದು. ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು ಅವನ ಕಸುಬು. ಬಿಲ್ಡರುಗಳು ನಕ್ಷೆ ಕಳಿಸಿದರೆ ಇವನು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ಕಿಟಕಿಯಿಂದ ಬಿಸಿಲು ಬೀಳಿಸಿ, ಸೋಫಾದ ಮೇಲೊಂದು ದಿಂಬನ್ನು ಓರೆಯಾಗಿ ಇಟ್ಟು, ಆಗಲೇ ಯಾರೋ ವಾಸವಾಗಿದ್ದಾರೆ ಅನ್ನಿಸುವಂಥ ಚಿತ್ರ ಕೊಡುತ್ತಿದ್ದ. ಅವನು ಕೆಲಸಕ್ಕಿದ್ದ ಆಫೀಸು ಮುಚ್ಚಿಹೋದಾಗ ಅತ್ತೆ ತಾವಾಗಿಯೇ, "ಅರ್ಧ ಕೋಣೆ ನಿಮಗೆ. ದಾರದ ಚೂರು ಕಾಲಿಗೆ ಅಂಟುತ್ತೆ, ಅಷ್ಟು ಸಹಿಸ್ಕೋಬೇಕು" ಎಂದಿದ್ದರು. ಗಂಡ ಹೆಂಡತಿ ಬಾಡಿಗೆ ಮನೆ ಬಿಟ್ಟು ಬಂದರು. ಕೋಟು ಹೊಲಿಸಲು ಬಂದ ಗಿರಾಕಿಯೊಬ್ಬ, "ಅಂತೂ ಮನೆ ಅಳಿಯ ಬಂದ ಹಾಗಾಯ್ತು" ಎಂದು ನಕ್ಕಾಗ ಟೈಲರಮ್ಮ ಅವನ ಎದೆಗೆ ಸುತ್ತಿದ್ದ ಟೇಪನ್ನು ತುಸು ಬಿಗಿ ಮಾಡಿ, "ನನ್ನ ಮಿಷನ್ನಿಗೆ ಜೊತೆ ಬಂತು ಅನ್ನಿ" ಎಂದಿದ್ದರು.

ಆ ಜೊತೆ ಮಾತ್ರ ಬಲು ಗದ್ದಲದ್ದು. ಬಿಸಿಲು ನೆರಳುಗಳ ಲೆಕ್ಕ ಹಾಕಲು ಕಂಪ್ಯೂಟರಿಗೆ ಅರ್ಧ ದಿನ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಅದರೊಳಗಿನ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿದ್ದವು. ಅತ್ತೆಯ ದನಿ ಗಟ್ಟಿಯಾಗಿದ್ದ ಕಾಲದಲ್ಲಿ ಅದು ಯಾರಿಗೂ ಲೆಕ್ಕಕ್ಕೇ ಬಂದಿರಲಿಲ್ಲ. ಈಗ ಅವರು ಏನಾದರೂ ಹೇಳಿದರೆ ಅಳಿಯ "ಆಂ?" ಎನ್ನುತ್ತಿದ್ದ. ಇನ್ನೊಮ್ಮೆ ಹೇಳಿದರೆ ಇನ್ನೊಮ್ಮೆ "ಆಂ?". ಅವರು ಕತ್ತಿನ ನರ ಉಬ್ಬಿಸಿ ಮೂರನೆಯ ಸಲ ಪ್ರಯತ್ನಿಸಿ, ಕೆಮ್ಮು ಬಂದು, ಕೈಯಾಡಿಸಿ ಬಿಟ್ಟುಬಿಡುತ್ತಿದ್ದರು. ಕೆಲವು ವಾರ ಕಳೆಯುವಷ್ಟರಲ್ಲಿ ಪ್ರಯತ್ನವನ್ನೂ ಬಿಟ್ಟರು. ಚಹಾ ಬೇಕಿದ್ದರೆ ಅಳತೆಕೋಲಿನಿಂದ ಮೇಜು ಕುಟ್ಟುವುದು, ಗಿರಾಕಿ ಬಂದರೆ ಬೆರಳು ತೋರಿಸುವುದು, ಅಷ್ಟೇ. ಅತ್ತೆಗೆ ಹೀಗೇ ಅಭ್ಯಾಸವಾಯಿತು ಎಂದುಕೊಂಡ ಅಳಿಯ ತನ್ನ ಪಾಡಿಗೆ ಕೆಲಸದಲ್ಲಿ ಮುಳುಗಿದ.

ಮಗಳು ನಗರದ ಬಸ್ ಓಡಿಸುವವಳು. ನಸುಕಿನ ಪಾಳಿ ಮುಗಿಸಿ ಬಂದು ಹಗಲು ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ರಜೆಯ ದಿನ ತಾಯಿಯನ್ನು ದನಿಯ ವ್ಯಾಯಾಮ ಕಲಿಸುವ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಹಿಂತಿರುಗಿ ಬಂದವಳು ಶೂ ಬಿಚ್ಚುತ್ತಲೇ ಗಂಡನಿಗೆ ಹೇಳಿದಳು.

"ಅಮ್ಮನ ಗಂಟಲು ಸುಧಾರಿಸ್ತಾ ಇಲ್ಲವಂತೆ ರೀ. ದಿನವಿಡೀ ಎಲ್ಲಿರ್ತೀರಿ ಅಂತ ಕೇಳಿದ್ರು. ಹೇಳ್ದೆ. ಗದ್ದಲದ ಮೇಲೆ ದನಿ ಎತ್ತೋದು ಉಳುಕಿದ ಕಾಲಲ್ಲಿ ಓಡಿದ ಹಾಗಂತೆ. ಹಾಗಂತ ಬಾಯಿ ಮುಚ್ಚಿ ಕೂತ್ರೂ ಆಗಲ್ಲವಂತೆ. ಶಾಂತವಾಗಿರೋ ಕಡೆ ಮೆಲ್ಲಗೆ, ದಿನಾ ಮಾತಾಡ್ತಾ ಇರ್ಬೇಕಂತೆ."

ಅಳಿಯ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ಅವರು ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳೇ ಇರ್ತಾಳೆ. ನಿಮಗೆ ಕೇಳಿಸ್ಬೇಕಲ್ಲ."

ಅವಳು ಕುಹಕಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಳಿಯ ಕಿಟಕಿಯ ಕಡೆ ನೋಡಿದ. ಅತ್ತೆ ಎಂದಿನಂತೆ ತಲೆ ತಗ್ಗಿಸಿ ಕಾಲರು ಹೊಲಿಯುತ್ತಿದ್ದರು. ಇಷ್ಟು ದಿನವೂ ಈ ಸದ್ದನ್ನು ಅವರು ನುಂಗಿಕೊಂಡಿದ್ದರು, ಅವನ ಕೆಲಸ ನಿಲ್ಲದಿರಲಿ ಎಂದು.

ಕಂಪ್ಯೂಟರನ್ನು ಹಿಂದಿನ ಕೋಣೆಗೆ ಒಯ್ಯುವ ಹಾಗಿರಲಿಲ್ಲ, ಅಲ್ಲಿ ಮಗಳು ಹಗಲು ನಿದ್ದೆ ಮಾಡಬೇಕು. ಅಡುಗೆಮನೆಯಲ್ಲಿ ಹಬೆ. ಹೊಲಿಗೆ ಯಂತ್ರವನ್ನು ಸರಿಸೋಣವೆಂದರೆ ಬೆಳಕಿದ್ದದ್ದು ಆ ಒಂದು ಕಿಟಕಿಗೆ. ಅಳಿಯ ಫ್ಯಾನುಗಳ ವೇಗ ಇಳಿಸಿ ನೋಡಿದ. ಕೋಣೆಯ ಸದ್ದು ಅಡಗಿತು, ಕಂಪ್ಯೂಟರು ಬಿಸಿಯಾಗಿ ಅರ್ಧ ಚಿತ್ರದಲ್ಲೇ ಕಣ್ಣು ಮುಚ್ಚಿತು. ಫ್ಯಾನಿಲ್ಲದೆ, ಬರೀ ನೀರು ಹರಿಸಿ, ದೊಡ್ಡ ರೇಡಿಯೇಟರಿನಿಂದ ಕಂಪ್ಯೂಟರು ತಂಪು ಮಾಡುವವರ ಚಿತ್ರಗಳನ್ನು ಅವನು ಎಲ್ಲೋ ನೋಡಿದ್ದ. ಅದನ್ನು ಹೆಂಡತಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನನ್ನ ಬಸ್ಸಿನ ಎಂಜಿನ್ನೂ ನೀರಿಂದಾನೇ ತಣ್ಣಗಿರೋದು. ಡಿಪೋ ಪಕ್ಕ ಡಬ್ಬಿ ಇದ್ದಾನಲ್ಲ, ಅವನನ್ನ ಕೇಳೋಣ."

ಡಬ್ಬಿ ಎಂದರೆ ರೇಡಿಯೇಟರ್ ರಿಪೇರಿಯವನು. ತೂತು ಬಿದ್ದ ಟ್ಯಾಂಕುಗಳ ಡಬ್ಬಿ ಬಿಚ್ಚಿ ಬೆಸೆದೂ ಬೆಸೆದೂ ಅವನಿಗೆ ಆ ಹೆಸರು ಅಂಟಿತ್ತು. ತಗಡು ಬಡಿಯುವ ಸದ್ದಿನಲ್ಲೇ ವಯಸ್ಸು ಕಳೆದವನಾದ್ದರಿಂದ ಯಾರ ಹತ್ತಿರ ಮಾತಾಡಿದರೂ ರಸ್ತೆಯ ಆಚೆ ಬದಿಯವರನ್ನು ಕರೆದಂತೆ ಕೂಗುತ್ತಿದ್ದ. ಅವನು ಹಳೆಯ ಕಾರಿನ ರೇಡಿಯೇಟರೊಂದನ್ನು ಹೆಗಲ ಮೇಲೆ ಹೊತ್ತು ತಂದು ಕತ್ತರಿಸುವ ಮೇಜಿನ ಮೇಲೆ ಇಡಲು ಹೋದ. ಟೈಲರಮ್ಮ ಅಳತೆಕೋಲು ಅಡ್ಡ ಹಿಡಿದರು. ನೆಲದ ಮೇಲೆ ಇಟ್ಟ.

"ಇದೊಂದು ಇಡೀ ಎಂಜಿನ್ನನ್ನ ತಣ್ಣಗಿಡುತ್ತೆ, ನಿಮ್ಮ ಪೆಟ್ಟಿಗೆ ಯಾವ ಲೆಕ್ಕ" ಎಂದು ಡಬ್ಬಿ ಕೂಗಿದ.

ಟೈಲರಮ್ಮ ಏನೋ ಹೇಳಿದರು.

"ಏನಂದ್ರಿ ಅಕ್ಕಾ?"

ಅವರು ಕೈಯಲ್ಲಿ ನೆಲ ತೋರಿಸಿ, ಮೂಗು ಹಿಡಿದುಕೊಂಡು, ಪೊರಕೆ ಆಡಿಸಿದಂತೆ ಮಾಡಿದರು. ರೇಡಿಯೇಟರಿನಿಂದ ಎಣ್ಣೆ ಜಿಡ್ಡು ಸೋರುತ್ತಿತ್ತು. ಡಬ್ಬಿಗೆ ಅರ್ಥವಾಗಿ ಅದನ್ನು ಮತ್ತೆ ಹೊತ್ತು ಅಂಗಳಕ್ಕೆ ಒಯ್ದು ತೊಳೆದ. ಒಬ್ಬರಿಗೆ ದನಿಯಿಲ್ಲ, ಇನ್ನೊಬ್ಬನಿಗೆ ಕಿವಿ ಮಂದ. ಇಬ್ಬರೂ ಮೊದಲ ದಿನದಿಂದಲೇ ಕೈಬಾಯಿ ಆಡಿಸಿ ಮಾತಾಡತೊಡಗಿದರು, ಅದರಲ್ಲೇ ಚೆನ್ನಾಗಿ ಹೊಂದಿಕೊಂಡರು.

ಅಳಿಯ ಪ್ರೊಸೆಸರಿನ ಮೇಲೊಂದು, ಗ್ರಾಫಿಕ್ಸ್ ಕಾರ್ಡಿನ ಮೇಲೊಂದು, ಒಳಗೆ ನೀರು ಹರಿಯುವ ತಾಮ್ರದ ಬಿಲ್ಲೆಗಳನ್ನು ಕೂರಿಸಿದ. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪನ್ನು ತಂದ. ಎಲ್ಲ ಜೋಡಿಸಿ ಚಾಲು ಮಾಡಿದಾಗ ಮೊದಮೊದಲು ಬಹಳ ಚೆನ್ನಾಗಿತ್ತು. ಡಬ್ಬಿ ತನ್ನ ಬೆನ್ನು ತಾನೇ ತಟ್ಟಿಕೊಂಡ. ಟೈಲರಮ್ಮ ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ರೇಡಿಯೇಟರು ಮುಟ್ಟಲಾಗದಷ್ಟು ಕಾದಿತ್ತು. ಇನ್ನೊಂದು ತೋಳು ಮುಗಿಯುವ ಮುಂಚೆ ಕಂಪ್ಯೂಟರು ಆರಿಹೋಯಿತು.

"ಮುಂದೊಂದು ಫ್ಯಾನ್ ಇಟ್ರೆ ಸರಿಹೋಗುತ್ತೆ" ಎಂದ ಡಬ್ಬಿ.

"ಫ್ಯಾನ್ ಬೇಡ ಅಂತಾನೇ ಅಲ್ವಾ ಮಾರಾಯ ಇಷ್ಟೆಲ್ಲ ಮಾಡಿದ್ದು" ಎಂದ ಅಳಿಯ.

ಡಬ್ಬಿ ಕೂತು ಯೋಚಿಸಿದ. ಓಡುವ ಗಾಡಿಗೆ ಎದುರಿನಿಂದ ಗಾಳಿ ನುಗ್ಗುತ್ತದೆ. ಅದಕ್ಕೇ ರೇಡಿಯೇಟರಿನ ತಗಡುಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಇರುತ್ತವೆ. ನಿಂತ ಗಾಳಿ ಅಷ್ಟು ಇಕ್ಕಟ್ಟಿನಲ್ಲಿ ನುಸುಳುವುದಿಲ್ಲ, ಕಾದು ಅಲ್ಲೇ ಕೂರುತ್ತದೆ. ತಗಡುಗಳ ನಡುವೆ ಬೆರಳು ಆಡುವಷ್ಟು ಜಾಗ ಬೇಕು. ಹಾಗೆ ಜಾಗ ಬಿಟ್ಟರೆ ತಗಡು ಕಡಿಮೆಯಾಗುತ್ತದೆ, ಅದಕ್ಕೆ ರೇಡಿಯೇಟರು ಬಾಗಿಲಷ್ಟು ಎತ್ತರ ಆಗಬೇಕು. ಅಂಥದ್ದು ಯಾವ ಗಾಡಿಯಲ್ಲೂ ಇರುವುದಿಲ್ಲ.

"ಹಾಗಾದ್ರೆ ನಾವೇ ಮಾಡ್ಬೇಕು" ಎಂದ ಅಳಿಯ. ಹೇಳಿದ ಮೇಲೆ ಅವನಿಗೇ ಸ್ವಲ್ಪ ಹೆದರಿಕೆಯಾಯಿತು. ಅವನು ಪರದೆಯ ಮೇಲೆ ಎಷ್ಟೋ ಮನೆ ಕಟ್ಟಿದ್ದ. ಕೈಯಿಂದ ಒಂದು ಮಣೆಯನ್ನೂ ಮಾಡಿದವನಲ್ಲ.

ನೇರ ಕೊಳವೆಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಜೋಡಿಸಿ, ತುದಿಗಳಿಗೆ ಅರ್ಧ ಬಳೆಯಂಥ ತಿರುವುಗಳನ್ನು ಬೆಸೆದರೆ ನೀರು ಮೇಲಿನಿಂದ ಕೆಳಗೆ ಅಂಕುಡೊಂಕಾಗಿ ಇಳಿಯುತ್ತದೆ. ಆ ತಿರುವುಗಳನ್ನು ತಾನೇ ಬಗ್ಗಿಸುತ್ತೇನೆಂದು ಅಳಿಯ ತಾಮ್ರದ ತುಂಡುಗಳನ್ನು ಹಿಡಿದು ಅಂಗಳದಲ್ಲಿ ಕೂತ. ಮರದ ದುಂಡು ತುಂಡಿಗೆ ಒತ್ತಿ ಬಗ್ಗಿಸಿದರೆ ಕೊಳವೆ ನಡುವೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತಿತ್ತು. ಒಂದು ಕೆಟ್ಟಿತು, ಇನ್ನೊಂದು ಕೆಟ್ಟಿತು. ಒಳಗೆ ಕಂಪ್ಯೂಟರು ಹಳೆಯ ಫ್ಯಾನುಗಳನ್ನೇ ಮತ್ತೆ ಹಾಕಿಕೊಂಡು ಕೂಗುತ್ತಿತ್ತು. ಬಿಲ್ಡರೊಬ್ಬರಿಗೆ ಸಂಜೆಯೊಳಗೆ ಚಿತ್ರ ಹೋಗಬೇಕಿತ್ತು. ಕಿಟಕಿಯಿಂದ ಇವನ ಪಾಡು ನೋಡುತ್ತಿದ್ದ ಟೈಲರಮ್ಮ ಎದ್ದು ಬಾಗಿಲಿಗೆ ಬಂದು ಏನೋ ಹೇಳಿದರು.

"ಆಂ?"

ಇನ್ನೊಮ್ಮೆ ಹೇಳಿದರು. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅವರು ಹೋಗಲಿ ಬಿಡಿ ಎಂಬಂತೆ ಕೈಯಾಡಿಸಿ ಒಳಗೆ ತಿರುಗಿದರು.

ಅಳಿಯ ಕೊಳವೆಯನ್ನು ಕೆಳಗಿಟ್ಟು ಅವರ ಹಿಂದೆಯೇ ಒಳಗೆ ಬಂದ. ಬೆಳಗಿನಿಂದ ಲೆಕ್ಕ ಹಾಕುತ್ತಿದ್ದ ಚಿತ್ರ ಮುಕ್ಕಾಲು ಪಾಲು ಮುಗಿದಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಿ ಕಂಪ್ಯೂಟರನ್ನು ಆರಿಸಿಬಿಟ್ಟ. ಫ್ಯಾನುಗಳು ಒಂದೊಂದಾಗಿ ಸುಸ್ತಾಗಿ ನಿಂತವು.

"ಈಗ ಹೇಳಿ ಅತ್ತೆ."

ಟೈಲರಮ್ಮ ಕಪ್ಪಾದ ಪರದೆಯನ್ನು ನೋಡಿದರು. ಅಷ್ಟು ಹೊತ್ತಿನ ಕೆಲಸ ಹೋಯಿತೆಂಬುದು ಅವರಿಗೆ ಗೊತ್ತಿತ್ತು. ಕರೆಂಟು ಹೋದಾಗಲೆಲ್ಲ ಅವನು ತಲೆ ಮೇಲೆ ಕೈ ಹೊತ್ತು ಕೂರುವುದನ್ನು ಕಂಡಿದ್ದರು. ಆಮೇಲೆ ಮೆಲ್ಲಗೆ, ಕತ್ತು ಉಬ್ಬಿಸದೆ ಹೇಳಿದರು.

"ಖಾಲಿ ಕೊಳವೇನ ಹಾಗೆ ಬಗ್ಗಿಸ್ಬೇಡಿ ಅಳಿಯಂದ್ರೇ. ಒಳಗೆ ಏನಾದ್ರೂ ಗಟ್ಟಿಯಾಗಿ ತುಂಬಿ. ನಾನು ಚೀಲದ ದುಂಡು ಹಿಡಿಕೆ ಮಾಡೋವಾಗ ಒಳಗೆ ಹಗ್ಗ ತೂರಿಸ್ತೀನಿ, ಇಲ್ಲಾಂದ್ರೆ ಬಾಗಿದ ಕಡೆ ಸುಕ್ಕು ಬೀಳುತ್ತೆ."

ಅಳಿಯ ಆ ಸಲಹೆಗಿಂತ ಹೆಚ್ಚಾಗಿ ಆ ದನಿಯನ್ನು ಕೇಳಿಸಿಕೊಂಡ. ತುಂಬ ಸಣ್ಣದಾಗಿತ್ತು, ಅಂಚು ಹರಿದಿತ್ತು. ಆದರೂ ಅದರೊಳಗಿನ ಗತ್ತು ಹಾಗೇ ಇತ್ತು. ನಾಳೆ ಬನ್ನಿ ಎಂದು ಬೀದಿಯ ತಿರುವಿನವರನ್ನು ವಾಪಸು ಕಳಿಸುತ್ತಿದ್ದ ಗತ್ತೇ. ಇಷ್ಟು ದಿನ ಅತ್ತೆ ಸುಮ್ಮನಾಗಿದ್ದಾರೆ ಎಂದುಕೊಂಡಿದ್ದ. ಅವರು ಸುಮ್ಮನಾಗಿರಲಿಲ್ಲ.

"ಇನ್ನೇನಾದ್ರೂ ಹೇಳೋದಿತ್ತಾ ಅತ್ತೆ?"

"ತುಂಬಾ ಇದೆ. ಮೊದಲು ಇದು ಮುಗೀಲಿ."

ಅಳಿಯ ಬಿಲ್ಡರಿಗೆ ಫೋನ್ ಮಾಡಿ ಚಿತ್ರ ನಾಳೆ ಎಂದ. ಅವರು ಗೊಣಗಿದರು, ಒಪ್ಪಿಕೊಂಡರು.

ಅಲ್ಲಿಂದ ಮುಂದಿನ ಕೆಲಸ ಅಳಿಯ ಒಬ್ಬನದಾಗಿ ಉಳಿಯಲಿಲ್ಲ. ಕೊಳವೆಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಬಗ್ಗಿಸಿದಾಗ ತಿರುವುಗಳು ದುಂಡಗೆ ಬಂದವು. ಮರಳು ಹೊರಗೆ ಬರಲು ಮಾತ್ರ ಬಹಳ ಸತಾಯಿಸಿತು. ಮಗಳು ಪಾಳಿ ಮುಗಿಸಿ ಬಂದವಳು ಸಮವಸ್ತ್ರದಲ್ಲೇ ಮೆಟ್ಟಿಲ ಮೇಲೆ ಕೂತು ತಿರುವುಗಳನ್ನು ಕುಟ್ಟಿ ಕುಟ್ಟಿ ಮರಳು ಉದುರಿಸಿದಳು. ಡಬ್ಬಿ ಛಾಪಾಖಾನೆಯೊಂದರಿಂದ ಬಳಸಿ ಬಿಸಾಡಿದ ಅಲ್ಯೂಮಿನಿಯಂ ತಗಡುಗಳನ್ನು ತಂದ. ಕಾಗದದಷ್ಟು ತೆಳ್ಳಗಿದ್ದ ಅವುಗಳ ಮೇಲೆ ಯಾರದೋ ಮದುವೆ ಕರೆಯೋಲೆ, ಯಾವುದೋ ಬಿಸ್ಕತ್ತಿನ ಜಾಹೀರಾತು ಉಲ್ಟಾ ಅಚ್ಚಾಗಿದ್ದವು. ಅಳಿಯ ಅವನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಲು ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದ.

ಅಳತೆಕೋಲು ಅವನ ಮಣಿಕಟ್ಟಿನ ಮೇಲೆ ಬಿತ್ತು. ನೋವಾಗುವಷ್ಟೇನಲ್ಲ.

"ಅದು ಬಟ್ಟೇದು" ಎಂದರು ಟೈಲರಮ್ಮ. ಕಂಪ್ಯೂಟರು ಆರಿದ್ದರಿಂದ ಆ ಮಾತು ಸ್ಪಷ್ಟವಾಗಿ ಕೇಳಿಸಿತು. "ಅದಕ್ಕೆ ತಗಡು ತೋರಿಸಿದ್ರೆ ನಿಮ್ಮ ಪೆಟ್ಟಿಗೆಗೆ ನಾನೇ ನೀರು ಹುಯ್ತೀನಿ."

ಮಗಳು ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. ತಗಡು ಕತ್ತರಿಸುವ ಕತ್ತರಿ ಡಬ್ಬಿಯ ಅಂಗಡಿಯಿಂದ ಬಂತು.

ಪ್ರತಿ ಪಟ್ಟಿಯಲ್ಲೂ ಕೊಳವೆಗಳು ಹಾದುಹೋಗಲು ಮೇಲಿಂದ ಕೆಳಗೆ ಸಾಲಾಗಿ ತೂತುಗಳು ಬೇಕಿತ್ತು. ಅಳಿಯ ಒಂದೊಂದು ಪಟ್ಟಿಗೂ ಬೇರೆ ಬೇರೆ ಅಳತೆ ಹಿಡಿದು ಗುರುತು ಹಾಕಿದ. ಡಬ್ಬಿ ತೂತು ಹೊಡೆದ. ಪೋಣಿಸಲು ಹೋದರೆ ಮೊದಲ ಕೆಲವು ಪಟ್ಟಿ ಹಾದವು, ಆಮೇಲಿನವು ಕೊಳವೆಗೆ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಕೂದಲೆಳೆಯಷ್ಟು ತಪ್ಪು ಸೇರುತ್ತ ಸೇರುತ್ತ ಬೆರಳಗಲ ಆಗಿತ್ತು. ಮಾಡಿದ್ದೆಲ್ಲ ಗುಜರಿಗೆ ಹೋಯಿತು. ಎರಡನೆಯ ಸಲ ಟೈಲರಮ್ಮ ದಪ್ಪ ರಟ್ಟಿನಲ್ಲಿ ಒಂದೇ ಒಂದು ಮಾದರಿ ಕತ್ತರಿಸಿದರು, ಅಂಗಿಯ ಬೆನ್ನಿಗೆ ಕತ್ತರಿಸುವ ಹಾಗೆ. ಎಲ್ಲ ಪಟ್ಟಿಗಳನ್ನೂ ಅದರ ಕೆಳಗಿಟ್ಟು ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಈ ಸಲ ತೂತಿನ ಅಂಚುಗಳು ಪುಟ್ಟ ಕಾಲರಿನಂತೆ ಎದ್ದು ಕೊಳವೆಯನ್ನು ಬಿಗಿಯಾಗಿ ಹಿಡಿದವು. ಪಟ್ಟಿ ಪಟ್ಟಿಯ ನಡುವಿನ ಅಂತರ ಒಂದೇ ಸಮ ಇರಲೆಂದು ಖಾಲಿಯಾದ ದಾರದ ರೀಲೊಂದನ್ನು ನಡುವೆ ಇಟ್ಟು, ತಳ್ಳಿ, ತೆಗೆದು, ಮುಂದಿನದಕ್ಕೆ ಹೋಗುತ್ತಿದ್ದರು. ಅತ್ತೆ ರೀಲು ಇಡುವುದು, ಅಳಿಯ ಪಟ್ಟಿ ತಳ್ಳುವುದು. ಎದುರುಬದುರು ಕೂತು ಮಾಡುವ ಕೆಲಸ ಅದು.

ಹಾಗೆ ಕೂತಿದ್ದಾಗ ಒಮ್ಮೆ ಅಳಿಯ ತಲೆ ಎತ್ತದೆಯೇ ಹೇಳಿದ.

"ನನ್ನ ಕೆಲಸ ಹೋದಾಗ ನೀವು ಈ ಅರ್ಧ ಕೋಣೆ ಕೊಟ್ರಿ. ಆವತ್ತು ನಾನು ನೆಟ್ಟಗೆ ಒಂದು ಮಾತೂ ಆಡಲಿಲ್ಲ ಅತ್ತೆ. ನಾಚಿಕೆ ಆಗಿತ್ತು."

"ಆಡ್ಬೇಕಾಗಿರ್ಲಿಲ್ಲ." ಟೈಲರಮ್ಮ ರೀಲನ್ನು ಮುಂದಕ್ಕೆ ಸರಿಸಿದರು. "ನೀವು ಬಂದ ದಿನ ಎಲ್ಲಕ್ಕಿಂತ ಮೊದಲು ನನ್ನ ಮಿಷನ್ನಿಗೆ ನಿಮ್ಮ ಮೇಜಿನ ನೆರಳು ಬೀಳುತ್ತಾ ಅಂತ ನೋಡಿದ್ರಿ. ಬೀಳುತ್ತೆ ಅಂತ ಮೇಜನ್ನ ಮೂಲೆಗೆ ಎಳ್ಕೊಂಡ್ರಿ. ನನಗೆ ಅಷ್ಟು ಸಾಕಾಗಿತ್ತು. ತಳ್ಳಿ, ಓರೆ ಆಗ್ತಿದೆ."

ಅವನು ತಳ್ಳಿದ.

ಡಬ್ಬಿ ತಿರುವುಗಳನ್ನು ಬೆಸೆದ. ಎರಡು ಮರದ ಕಂಬಗಳ ನಡುವೆ ಎತ್ತಿ ನಿಲ್ಲಿಸಿದಾಗ ಆ ರೇಡಿಯೇಟರು ನಿಜಕ್ಕೂ ಒಂದು ಬಾಗಿಲಿನಷ್ಟಿತ್ತು. ಪುಸ್ತಕಗಳನ್ನು ನಿಲ್ಲಿಸಿಟ್ಟ ಕಪಾಟಿನ ಹಾಗೆ ತಗಡುಗಳು ನೆಟ್ಟಗೆ ನಿಂತಿದ್ದವು. ಕೆಳಗಿನಿಂದ ಗಾಳಿ ತಾನಾಗಿ ಒಳಗೆ ಬಂದು, ಕಾದು, ಮೇಲಕ್ಕೆ ಹೋಗಲು ಕೆಳಗೆ ಜಾಗ ಬಿಟ್ಟಿದ್ದರು. ಕಂಪ್ಯೂಟರಿಗೆ ಜೋಡಿಸುವ ಮುಂಚೆ ಬರೀ ನೀರು ಹರಿಸಿ ಸೋರುತ್ತದೆಯೇ ಎಂದು ನೋಡಬೇಕಿತ್ತು. ಯಾವ ನೀರು ಎಂಬ ಮಾತು ಬಂದಾಗ ಟೈಲರಮ್ಮ ಒಳಗಿನಿಂದ ತಮ್ಮ ಹಬೆ ಇಸ್ತ್ರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನ ಕ್ಯಾನನ್ನು ತಂದಿಟ್ಟರು. ನಲ್ಲಿ ನೀರಿನ ಸುಣ್ಣ ಇಸ್ತ್ರಿಯ ಬಾಯನ್ನು ಕಟ್ಟಿಸುವುದನ್ನು ಅವರು ಕಂಡವರು. ತೆಳು ನೀಲಿ ಲೈನಿಂಗ್ ಬಟ್ಟೆಯನ್ನು ರೇಡಿಯೇಟರಿನ ಕೆಳಗೆ ಹಾಸಿದರು, ಹನಿ ಬಿದ್ದರೆ ಅದರ ಮೇಲೆ ಕಪ್ಪಗೆ ಕಾಣಲೆಂದು.

"ನನ್ನ ಬೆಸುಗೆ ಸೋರಲ್ಲ" ಎಂದು ಡಬ್ಬಿ ಕೂಗಿದ.

ಮಾರನೆಯ ದಿನ ಬಟ್ಟೆಯ ಮೇಲೆ ಒಂದು ಕಡೆ ಮಚ್ಚೆ ಇತ್ತು. ಟೈಲರಮ್ಮ ಅದರ ಸುತ್ತ ಸೀಮೆಸುಣ್ಣದ ವೃತ್ತ ಬರೆದು, ಅದರ ನೇರ ಮೇಲಿದ್ದ ಬೆಸುಗೆಗೂ ಒಂದು ಗೀಟು ಎಳೆದು, ಡಬ್ಬಿಯನ್ನು ಕರೆಸಿ ಏನೂ ಹೇಳದೆ ತೋರಿಸಿದರು. ಅವನು ಕನ್ನಡಕ ಏರಿಸಿ ನೋಡಿ, "ನಲ್ಲಿ ನೀರಾಗಿದ್ರೆ ಸೋರ್ತಿರ್ಲಿಲ್ಲ, ಇದು ತುಂಬಾ ತೆಳು" ಎಂದ. ಅವರು ಅವನನ್ನು ನೋಡುತ್ತ ನಿಂತರು. "ಸರಿ ಅಕ್ಕಾ, ನೋಡ್ಬೇಡಿ ಹಾಗೆ" ಎಂದು ಬೆಸುಗೆಯ ದೀಪ ಹೊತ್ತಿಸಿದ.

ಮತ್ತೆ ಹರಿಸಿದಾಗ ಬಟ್ಟೆ ಒಣಗಿಯೇ ಉಳಿಯಿತು. ಪಂಪು ಮಾತ್ರ ನೆಲಕ್ಕೆ ತಗಲಿ ಗುಂಯ್ ಎನ್ನುತ್ತಿತ್ತು. ಟೈಲರಮ್ಮ ಕೋಟಿನ ಭುಜಕ್ಕೆ ಹಾಕುವ ಒಂದು ಜೊತೆ ಪ್ಯಾಡನ್ನು ಅದರ ಅಡಿಗೆ ತುರುಕಿದರು. ಗುಂಯ್ ಎನ್ನುವುದು ನಿಂತಿತು.

ಕೊನೆಗೆ ಎಲ್ಲ ಜೋಡಿಸಿ ಮುಗಿಯಿತು. ಮಗಳಿಗೆ ಅಂದು ರಜೆ. ಡಬ್ಬಿ ಅಂಗಡಿ ಮುಚ್ಚಿ ಬಂದು ಮೇಜಿನ ಪಕ್ಕ ನಿಂತಿದ್ದ. ಅಳಿಯ ಹಳೆಯ ಫ್ಯಾನುಗಳನ್ನು ಬಿಚ್ಚಿ ಬುಟ್ಟಿಗೆ ಹಾಕಿ, ತನ್ನ ಹತ್ತಿರ ಇದ್ದ ಚಿತ್ರಗಳಲ್ಲೇ ಅತಿ ಭಾರದ್ದನ್ನು, ಗಾಜಿನ ಗೋಡೆಗಳ ಒಂದು ದೊಡ್ಡ ಮನೆಯನ್ನು, ಲೆಕ್ಕಕ್ಕೆ ಹಾಕಿದ. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಏರತೊಡಗಿತು. ಏರಿತು, ಏರಿತು, ಹಿಂದಿನ ಸಲ ಆರಿಹೋದ ಅಂಕಿಯ ಹತ್ತಿರ ಬಂದಿತು. ಅಳಿಯ ಉಗುರು ಕಚ್ಚಿದ. ಅಲ್ಲಿಗೆ ಬಂದು ನಿಧಾನವಾಯಿತು. ಸ್ವಲ್ಪ ಏರಿ, ಸ್ವಲ್ಪ ಇಳಿದು, ಒಂದೇ ಕಡೆ ನಿಂತಿತು. ಮಗಳು ರೇಡಿಯೇಟರಿನ ಮೇಲ್ತುದಿಯಲ್ಲಿ ಕೈ ಚಾಚಿ ನೋಡಿದಳು. ಬೆಚ್ಚನೆಯ ಗಾಳಿ ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ಒತ್ತುತ್ತಿತ್ತು.

"ಹೋಗ್ತಾ ಇದೆ" ಎಂದಳು. "ಗಾಳಿ ತಾನಾಗೇ ಹೋಗ್ತಾ ಇದೆ."

ಆಗಲೇ ಅವರೆಲ್ಲರಿಗೂ ಕೋಣೆಯ ಸದ್ದು ಗಮನಕ್ಕೆ ಬಂದದ್ದು. ಎದುರು ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಡಬ್ಬಿ ಮೂಗಿನಲ್ಲಿ ಉಸಿರಾಡುವುದು ಕೇಳಿಸುತ್ತಿತ್ತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಯಾರ್ಯಾರಿಗೆ ಚಹಾ?" ಎಂದರು ಟೈಲರಮ್ಮ.

ಅವರು ಕಿಟಕಿಯ ಬಳಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು, ಬೇರೆಯವರು ಕೋಣೆಯ ಆಚೆ ಮೂಲೆಯಲ್ಲಿದ್ದರು. ಅವರೇನೂ ದನಿ ಎತ್ತಿರಲಿಲ್ಲ. ಮೂವರೂ ಒಟ್ಟಿಗೆ "ನನಗೆ" ಎಂದರು. ಡಬ್ಬಿಗೂ ಕೇಳಿಸಿತ್ತು. ಅವನು ತನ್ನ "ನನಗೆ"ಯನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಹೇಳಿದ ಮೇಲೆ ತಾನೇ ಬೆಪ್ಪಾಗಿ ಅತ್ತಿತ್ತ ನೋಡಿದ.

ಟೈಲರಮ್ಮ ಚಹಾಕ್ಕೆ ಏಳಲಿಲ್ಲ. ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತ ಕೂತರು. ಮಗಳೇ ಒಳಗೆ ಹೋಗಿ ನೀರಿಟ್ಟಳು. ಅಳಿಯ ಹತ್ತಿರ ಬಂದು ನಿಂತ. "ಸದ್ದು ಏನಾದ್ರೂ ಇನ್ನೂ ಬರ್ತಾ ಇದೆಯಾ ಅತ್ತೆ?" ಎಂದು ಕೇಳಿದ.

"ಇಲ್ಲ. ಒಳ್ಳೆ ಕೆಲಸ ಮಾಡಿದ್ರಿ." ಟೈಲರಮ್ಮ ಏಪ್ರನ್ನಿನ ತುದಿಯನ್ನು ಕೆಳಗೆ ಬಿಟ್ಟರು. "ಎಲ್ಲರೂ ಜೋರಾಗಿ ಮಾತಾಡಿ ಅಂತ ನನಗೇ ಹೇಳ್ತಾ ಇದ್ರು. ನೀವೊಬ್ಬರೇ ನಿಮ್ಮ ಪೆಟ್ಟಿಗೆಗೆ ಸುಮ್ಮನಿರು ಅಂದ್ರಿ."

ಅಳಿಯ ಬುಟ್ಟಿಯಲ್ಲಿದ್ದ ಫ್ಯಾನುಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸಿದ.

ದನಿ ಒಮ್ಮೆಲೇ ಬರಲಿಲ್ಲ. ಆದರೆ ದಿನವಿಡೀ ಮೆಲ್ಲಗೆ ಮಾತಾಡುತ್ತ ಹೊಲಿಯತೊಡಗಿದ ಮೇಲೆ ತಿಂಗಳು ತಿಂಗಳಿಗೆ ತುಸು ತುಸು ಗಟ್ಟಿಯಾಯಿತು. ಥೆರಪಿಸ್ಟ್ ಅವರ ಮಾತನ್ನು ಕಣ್ಣು ಮುಚ್ಚಿ ಕೇಳಿ, "ಮನೇಲಿ ಏನು ಬದಲಾಯಿತು?" ಎಂದು ಕೇಳಿದರು. ಟೈಲರಮ್ಮ, "ಅಳಿಯಂದಿರು ಒಂದು ಬಾಗಿಲು ಮಾಡಿದ್ರು" ಎಂದರು. ಮಗಳು ಪೂರ್ತಿ ಕಥೆ ಹೇಳಬೇಕಾಯಿತು. ಹಳೆಯ ದನಿ ಹಾಗೇ ಹಿಂದಿರುಗಲಿಲ್ಲ. ಮೊದಲಿಗಿಂತ ದಪ್ಪನೆಯ, ಸ್ವಲ್ಪ ಒರಟು ದನಿಯೊಂದು ಬಂತು, ಬೀದಿಯ ತಿರುವಿಗೆ ಮುಟ್ಟುವಂಥದ್ದಲ್ಲ. ಬಾಗಿಲಿಗೆ ಕರೆಗಂಟೆ ಹಾಕಿಸಿದರು. ಅಂಗಡಿ ಮುಚ್ಚಿದ ಮೇಲೆ ಡಬ್ಬಿಯೂ ಆಗಾಗ ಬಂದು ಗುಂಡಿ ಕಿತ್ತ ಅಂಗಿಯ ನೆಪ ಹೇಳಿ ಕೂರತೊಡಗಿದ. ದಿನವೆಲ್ಲ ತಗಡು ಬಡಿದ ಕಿವಿಗೆ ಇಲ್ಲಿ ಹಾಯೆನಿಸುತ್ತದೆ ಎನ್ನುತ್ತಿದ್ದ. ಅವನ ಅಂಗಿಯ ಗುಂಡಿಗಳು ಅಷ್ಟೊಂದು ಹೇಗೆ ಕಿತ್ತುಹೋಗುತ್ತವೆಂದು ಯಾರೂ ಕೇಳಲಿಲ್ಲ.

ಹೇಳುವುದು ತುಂಬಾ ಇದೆ ಎಂದಿದ್ದವರು ಹೇಳಲು ಶುರು ಮಾಡಿದರು. ಅವೆಲ್ಲ ಅಳಿಯನ ಚಿತ್ರಗಳ ಬಗ್ಗೆ. ಅಷ್ಟು ಕಾಲ ಕಿಟಕಿಯ ಬಳಿ ಕೂತು ಪರದೆಯನ್ನು ನೋಡಿ ನೋಡಿ ಅವರಿಗೆ ಆ ಮನೆಗಳೆಲ್ಲ ನೆರೆಮನೆಗಳಾಗಿದ್ದವು.

"ಈ ಮನೇಲಿ ಬಟ್ಟೆ ಎಲ್ಲಿ ಒಣಗಿಸ್ತಾರೆ?"

ಅಳಿಯ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಎಲ್ಲಿಯೂ ಇರಲಿಲ್ಲ.

"ಆ ಅಡುಗೆಮನೇಲಿ ಇಬ್ಬರು ನಿಂತ್ರೆ ಫ್ರಿಜ್ಜಿನ ಬಾಗಿಲು ತೆಗೆಯೋಕಾಗಲ್ಲ. ಮೊನ್ನೆ ಮಾಡಿದ್ರಲ್ಲ, ಆ ಮನೇಲಿ ಮಂಚದಿಂದ ಇಳಿದವರು ನೇರವಾಗಿ ಗೋಡೆಗೆ ಹಣೆ ಚಚ್ಕೋತಾರೆ."

ನಕ್ಷೆ ತನ್ನದಲ್ಲ, ಬಿಲ್ಡರುಗಳದು ಎಂದು ಅವನು ಮೊದಲು ವಾದಿಸಿದ. ಆಮೇಲೆ ಒಂದು ಚಿತ್ರದ ಜೊತೆ, ಬಟ್ಟೆ ಒಣಗಿಸಲು ಹಿಂಭಾಗದಲ್ಲಿ ಜಾಗ ಬಿಟ್ಟರೆ ಹೇಗೆ ಎಂದು ಇನ್ನೊಂದನ್ನೂ ಮಾಡಿ ಕಳಿಸಿದ. ಬಿಲ್ಡರು ಎರಡನೆಯದನ್ನೇ ಇಟ್ಟುಕೊಂಡರು. ಅಲ್ಲಿಂದ ಮುಂದೆ ಯಾವ ಚಿತ್ರವೂ ಟೈಲರಮ್ಮ ನೋಡದೆ ಹೊರಗೆ ಹೋಗಲಿಲ್ಲ.

ಚಳಿ ಶುರುವಾದಾಗ ಇಬ್ಬರಿಗೂ ಮೊದಲ ಜಗಳವಾಯಿತು. ಟೈಲರಮ್ಮ ಇಸ್ತ್ರಿಗೆ ಹಾಸುವ ಒದ್ದೆ ಬಟ್ಟೆಗಳನ್ನು ಬೆಚ್ಚಗಿನ ರೇಡಿಯೇಟರಿನ ನೆತ್ತಿಯ ಮೇಲೆ ಸಾಲಾಗಿ ಹರವಿದ್ದರು.

"ಅತ್ತೆ, ಗಾಳಿ ಹೋಗೋ ದಾರಿ ಮುಚ್ಚಿಬಿಟ್ರಲ್ಲ. ಅಂಕಿ ಏರ್ತಾ ಇದೆ ನೋಡಿ."

"ಎರಡೇ ಬಟ್ಟೆ. ಅಷ್ಟಕ್ಕೆ ಅದರ ಉಸಿರು ಕಟ್ಟಲ್ಲ."

"ನಾಲ್ಕಿವೆ."

"ಎರಡು ಆಗಲೇ ಒಣಗಿವೆ. ಅವು ಲೆಕ್ಕಕ್ಕಿಲ್ಲ."

"ಒಣಗಿದ್ರೆ ತೆಗೀಬಹುದಲ್ಲ?"

"ತೆಗೆದ್ರೆ ಅಲ್ಲಿಗೆ ಇನ್ನೆರಡು ಹಾಕ್ತೀನಿ, ಆಗ ನಾಲ್ಕಾಗುತ್ತೆ. ಅದಕ್ಕೇ ತೆಗೆದಿಲ್ಲ."

ಹಿಂದಿನ ಕೋಣೆಯಲ್ಲಿ ಮಲಗಿದ್ದ ಮಗಳಿಗೆ ಎಚ್ಚರವಾಯಿತು. ಕೂದಲು ಕೆದರಿಕೊಂಡು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದಳು.

"ಏನು ನಿಮ್ಮಿಬ್ಬರ ಪಂಚಾಯಿತಿ?"

ಇಬ್ಬರೂ ಒಟ್ಟಿಗೆ ಹೇಳತೊಡಗಿದರು. ತಾಯಿಯ ಮಾತು ಗಂಡನ ಮಾತಿನಡಿ ಮುಳುಗಲಿಲ್ಲ, ಪಕ್ಕಪಕ್ಕದಲ್ಲೇ ಓಡಿತು. ಮಗಳು ಯಾರ ಪರವೂ ವಹಿಸಲಿಲ್ಲ. ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಯನ್ನು ಒಂದು ಬದಿಗೆ ಸರಿಸಿ ದಿಂಬಿಟ್ಟು ಅಲ್ಲೇ ಮಲಗಿದಳು. ಅವರು ವಾದಿಸುತ್ತಿರುವಾಗಲೇ ಅವಳ ಕಣ್ಣು ಹತ್ತಿತು.

ಟೈಲರಮ್ಮ ಎದ್ದು ಒಣಗಿದ ಬಟ್ಟೆಗಳಲ್ಲಿ ದೊಡ್ಡದನ್ನು ತೆಗೆದು, ಅದರ ಬಿಸಿ ಆರುವ ಮುಂಚೆ, ಮಗಳ ಮೇಲೆ ಹೊದಿಸಿದರು.

"ಈಗ ಮೂರೇ ಇವೆ" ಎಂದರು ಅಳಿಯನಿಗೆ.

"ಹಾಗಾದ್ರೆ ಇರಲಿ ಬಿಡಿ ಅತ್ತೆ" ಎಂದ ಅವನು.